ಒಲೆಯ ಕಾಲು, ರೈಲುಹಳಿಯ ನಟ್ಟು

ಹೋದ ಶನಿವಾರ ಸಂಜೆ ನನ್ನ ಮೊಮ್ಮಗಳು ಒಂದು ಕಾಗದ ತಂದು ಮುಂದೆ ಹಿಡಿದು, "ತಾತ, ಇಲ್ಲೊಂದು ಸೈನ್ ಹಾಕಿ" ಅಂದಳು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಓದದೆ ಸಹಿ ಹಾಕುವ ಅಭ್ಯಾಸ ಇಲ್ಲ. ಕನ್ನಡಕ ಹುಡುಕಿ ಓದಿದೆ.

ಎಂಟನೇ ಕ್ಲಾಸಿನ ಈ ಹುಡುಗಿ ಆರು ತಿಂಗಳಿಂದ ಗೋಡೆ ಹತ್ತುವ ತರಬೇತಿಗೆ ಹೋಗುತ್ತಿದ್ದಾಳೆ. ಬಣ್ಣಬಣ್ಣದ ಹಿಡಿಕೆಗಳನ್ನು ಬಿಗಿದ ಎತ್ತರದ ಗೋಡೆ ಅದು. ಈಗ ಆ ಮಕ್ಕಳನ್ನೆಲ್ಲ ರಾಮನಗರಕ್ಕೆ ಕರೆದುಕೊಂಡು ಹೋಗಿ ನಿಜವಾದ ಬಂಡೆ ಹತ್ತಿಸುತ್ತಾರಂತೆ. ಅದಕ್ಕೆ ಮನೆಯ ಹಿರಿಯರ ಒಪ್ಪಿಗೆ ಪತ್ರ ಬೇಕು. ಅವಳ ಅಪ್ಪ ಅಮ್ಮ ಇಬ್ಬರೂ ಕೆಲಸದ ಮೇಲೆ ಪರಊರಿನಲ್ಲಿದ್ದಾರೆ. ಫೋನಿನಲ್ಲಿ ಕೇಳಿದರೆ, "ಅಪ್ಪ, ನೀವೇ ನೋಡಿ ತೀರ್ಮಾನ ಮಾಡಿ" ಅಂದುಬಿಟ್ಟ ನನ್ನ ಮಗ.

"ನಾಳೆ ನೋಡೋಣ" ಅಂದೆ. ಸಾಲದ ಅರ್ಜಿ ಹಿಡಿದು ಬಂದವರಿಗೆ ನಾನು ಹೇಳುತ್ತಿದ್ದ ಮಾತೇ ಅದು.

ಅವಳೇನೂ ಸಿಟ್ಟಾಗಲಿಲ್ಲ. ಚೀಲದಿಂದ ಒಂದು ವಸ್ತು ತೆಗೆದು ಟೀಪಾಯಿಯ ಮೇಲಿಟ್ಟಳು. ಬೆಣೆಯಂಥ ಸಣ್ಣ ಅಲ್ಯೂಮಿನಿಯಂ ತುಂಡು, ಅದಕ್ಕೊಂದು ತಂತಿಯ ಕುಣಿಕೆ. "ಇದಕ್ಕೆ ನಟ್ ಅಂತಾರೆ ತಾತ. ನೋಡಿಕೊಂಡು ಬನ್ನಿ ಅಂತ ಸರ್ ಕೊಟ್ಟಿದ್ದಾರೆ."

"ನಟ್ಟು ಅಂದರೆ ಬೋಲ್ಟು ಹಾಕೋ ತೂತು ಇರಬೇಕಲ್ಲ? ಇದರಲ್ಲೆಲ್ಲಿದೆ?"

"ಅದೇ ಕಥೆ" ಅಂತ ಅವಳು ಕಾಲು ಮಡಚಿ ಕೂತಳು. ಆಮೇಲೆ ಒಂದು ವಾರ ಅವಳು ಹೇಳಿದ್ದೂ, ಅವಳ ಗುರುಗಳು ಕೊಟ್ಟ ಪುಸ್ತಕಗಳಲ್ಲಿ ನಾನು ಓದಿದ್ದೂ ಸೇರಿ ಈ ವಾರದ ಅಂಕಣವಾಗಿದೆ.

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಸ್ನೋಡನ್ ಎಂಬ ಬೆಟ್ಟ. ಅದರ ತುದಿಯವರೆಗೆ ಒಂದು ಪುಟ್ಟ ರೈಲು ಹೋಗುತ್ತದೆ. ಆ ಬೆಟ್ಟದ ಒಂದು ಬದಿಯಲ್ಲಿ ಕಡಿದಾದ ಕಪ್ಪು ಬಂಡೆಯ ಗೋಡೆ. ಹಗ್ಗ ಕಟ್ಟಿಕೊಂಡು ಅದನ್ನು ಹತ್ತುವವರು ಜಾರಿದರೆ ಹಗ್ಗವನ್ನು ಯಾವುದಾದರೂ ಒಂದು ಹಿಡಿದುಕೊಳ್ಳಬೇಕಲ್ಲ? ಮೊದಲೆಲ್ಲ ಜೇಬಿನ ತುಂಬ ಬೆಣಚುಕಲ್ಲು ಒಯ್ಯುತ್ತಿದ್ದರು. ಬಿರುಕಿಗೆ ಕಲ್ಲು ತುರುಕಿ, ಅದರ ಸುತ್ತ ದಾರ ಸುತ್ತಿ, ಅದಕ್ಕೆ ತಮ್ಮ ಹಗ್ಗ ಸಿಕ್ಕಿಸುವುದು. 1950ರ ದಶಕದಲ್ಲಿ ಬಂಡೆಗೆ ನಡೆದುಹೋಗುವಾಗ ರೈಲುಹಳಿಯ ಪಕ್ಕ ಬಿದ್ದಿದ್ದ ಕಬ್ಬಿಣದ ನಟ್ಟುಗಳು ಅವರ ಕಣ್ಣಿಗೆ ಬಿದ್ದವು. ತೂತು ಹೇಗೂ ಇದೆ, ದಾರ ಪೋಣಿಸಿದರಾಯಿತು! ಮನೆಗೆ ಒಯ್ದು ಒಳಗಿನ ತಿರುಪಿನ ಗೆರೆಗಳನ್ನು ಅರದಿಂದ ಉಜ್ಜಿ, ದಾರ ಹರಿಯದಂತೆ ನುಣ್ಣಗೆ ಮಾಡಿಕೊಂಡರು. ಮುಂದೆ ಕಾರ್ಖಾನೆಗಳು ಬೇರೆ ಬೇರೆ ಆಕಾರದಲ್ಲಿ ಇವನ್ನು ತಯಾರಿಸತೊಡಗಿದವು, ತಿರುಪಿನ ತೂತು ಮಾಯವಾಯಿತು. ಹೆಸರು ಮಾತ್ರ ನಟ್ ಎಂದೇ ಉಳಿಯಿತು.

ಇನ್ನೊಂದು ಕಥೆ ಇದಕ್ಕಿಂತ ಸೊಗಸು. ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಎಲ್ ಕ್ಯಾಪಿಟನ್ ಎಂಬ ಬಂಡೆ ಇದೆ. ನೆಟ್ಟಗೆ ಸುಮಾರು 3000 ಅಡಿ. ಅದರ ಮಧ್ಯದ ಮೂಗಿನಂಥ ಏಣಿಗೆ 'ನೋಸ್' ಎಂದೇ ಹೆಸರು. 1957ರಲ್ಲಿ ವಾರೆನ್ ಹಾರ್ಡಿಂಗ್ ಎಂಬಾತ ಅದನ್ನು ಹತ್ತಲು ಹೊರಟ. ದಾರಿಯಲ್ಲಿ ಒಂದು ಉದ್ದನೆಯ ಬಿರುಕು, ಅದರ ಅಗಲಕ್ಕೆ ಒಗ್ಗುವ ಮೊಳೆ ಆಗ ಯಾರ ಹತ್ತಿರವೂ ಇರಲಿಲ್ಲ. ಅವನ ಗೆಳೆಯರಲ್ಲೊಬ್ಬ ಬರ್ಕ್ಲಿ ಊರಿನ ಕಸದ ಗುಂಡಿಯಲ್ಲಿ ಹಳೇ ಒಲೆಯೊಂದರ ಕಾಲುಗಳನ್ನು ಆರಿಸಿ ತಂದಿದ್ದ. ಬಿರುಕಿಗೆ ಒಲೆಯ ಕಾಲನ್ನು ಸುತ್ತಿಗೆಯಿಂದ ಹೊಡೆಯುವುದು, ಅದಕ್ಕೆ ನೇತುಬಿದ್ದು ಇನ್ನೊಂದನ್ನು ಹೊಡೆಯುವುದು, ಕೆಳಗಿನದನ್ನು ಕಿತ್ತುಕೊಂಡು ಮೇಲೆ ಹೋಗುವುದು. ಹೀಗೇ ದಾಟಿದರು! ಆ ಬಿರುಕಿಗೆ ಇವತ್ತಿಗೂ 'ಸ್ಟೋವ್‌ಲೆಗ್' ಎಂದೇ ಹೆಸರು.

ಕೆಳಗಿನ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಕತ್ತೆತ್ತಿ ನೋಡುವವರ ಜಾತ್ರೆಯೇ ನೆರೆಯಿತು. ರೇಗಿದ ಅರಣ್ಯಾಧಿಕಾರಿಗಳು ಪ್ರವಾಸಿಗರ ಕಾಲ ಮುಗಿಯುವ ತನಕ ಹತ್ತಕೂಡದು ಎಂದರು. ಇಳಿದು, ಮತ್ತೆ ಹತ್ತಿ, ಮತ್ತೆ ಇಳಿದು, ಸುಮಾರು ಹದಿನಾರು ತಿಂಗಳಲ್ಲಿ ಒಟ್ಟು 45 ದಿನ ಬಂಡೆಯ ಮೇಲೆ ಕಳೆದು, 1958ರ ನವೆಂಬರ್ 12ರಂದು ಹಾರ್ಡಿಂಗ್ ತುದಿ ಮುಟ್ಟಿದ. ಕೊನೆಯ ರಾತ್ರಿ ಪೂರ್ತಿ ಹಣೆದೀಪದ ಬೆಳಕಿನಲ್ಲಿ ಕೈಯಿಂದಲೇ ಬಂಡೆ ಕೊರೆದು 28 ಬೋಲ್ಟು ಹೊಡೆದಿದ್ದನಂತೆ. ಅದೇ ದಾರಿಯನ್ನು 2018ರಲ್ಲಿ ಅಲೆಕ್ಸ್ ಹಾನೊಲ್ಡ್, ಟಾಮಿ ಕಾಲ್ಡ್‌ವೆಲ್ ಎಂಬಿಬ್ಬರು ಎರಡು ಗಂಟೆಗೆ ಎರಡು ನಿಮಿಷ ಕಡಿಮೆ ಅವಧಿಯಲ್ಲಿ ಹತ್ತಿದ್ದಾರೆ. ನಮ್ಮ ಮನೆಯಿಂದ ಮೆಜೆಸ್ಟಿಕ್ಕಿಗೆ ಹೋಗಿ ಬರಲು ನನಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಅದೇ ಕಣಿವೆಯಲ್ಲಿ ಜಾನ್ ಸಲಾತೆ ಎಂಬ ಕಮ್ಮಾರನಿದ್ದ. ಸ್ವಿಟ್ಜರ್ಲೆಂಡಿನಿಂದ ಬಂದವನು. ಬಂಡೆ ಹತ್ತಲು ಶುರುಮಾಡಿದ್ದೇ ನಲವತ್ತೈದು ದಾಟಿದ ಮೇಲೆ. ಆ ಕಾಲದ ಮೆತ್ತನೆಯ ಮೊಳೆಗಳು ಗಟ್ಟಿ ಗ್ರಾನೈಟಿಗೆ ಹೊಡೆದರೆ ಬಾಗಿಹೋಗುತ್ತಿದ್ದವು. ಈತ ಗಟ್ಟಿ ಉಕ್ಕಿನ ಮೊಳೆ ತಾನೇ ಬಡಿದು ಮಾಡಿಕೊಂಡ. ಹಳೇ ಫೋರ್ಡ್ ಕಾರಿನ ಆಕ್ಸಲ್ ಕತ್ತರಿಸಿ ಮಾಡಿದ್ದು ಎಂದು ಹತ್ತುವವರು ಹೇಳುತ್ತಾರೆ. ಅವನಿಗೆ ದೇವದೂತರು ಕಾಣಿಸಿಕೊಂಡು ಮಾಂಸ ಬಿಡು ಎಂದಿದ್ದರಂತೆ. 1950ರಲ್ಲಿ, ಐವತ್ತೊಂದನೇ ವಯಸ್ಸಿನಲ್ಲಿ, ಸುಡುವ ಜುಲೈ ಬಿಸಿಲಲ್ಲಿ, ಸಾಕಷ್ಟು ನೀರೂ ಇಲ್ಲದೆ ಐದು ದಿನ ಬಂಡೆಗೆ ಅಂಟಿಕೊಂಡು ಸೆಂಟಿನಲ್ ಎಂಬ ಶಿಖರ ಏರಿದ.

ನಟ್ಟಿನ ದಾಯಾದಿಯೊಂದಿದೆ. ಬಿರುಕಿನೊಳಗೆ ತೂರಿಸಿ ಬಿಟ್ಟರೆ ಸ್ಪ್ರಿಂಗಿನಿಂದ ಅರಳಿ ಕಚ್ಚಿಕೊಳ್ಳುವ ಸಾಧನ. 1970ರ ದಶಕದಲ್ಲಿ ರೇ ಜಾರ್ಡೀನ್ ಎಂಬ ಎಂಜಿನಿಯರ್ ಇದನ್ನು ಮಾಡಿ, ಯಾರಾದರೂ ಕದ್ದಾರೆಂದು ಚೀಲದಲ್ಲಿ ಬಚ್ಚಿಟ್ಟುಕೊಂಡು ತಿರುಗುತ್ತಿದ್ದ. ಒಂದು ದಿನ ನಾಲ್ಕು ಜನರೆದುರು ಅವನ ಜೊತೆಗಾರ, ಗುಟ್ಟು ರಟ್ಟಾಗದಂತೆ, "ಫ್ರೆಂಡ್ಸ್ ಇರೋ ಚೀಲ ತಂದಿದ್ದೀಯಾ?" ಎಂದು ಕೇಳಿದ. ಅದು 1978ರಲ್ಲಿ ಅಂಗಡಿಗೆ ಬಂದಾಗ ಹೆಸರೂ ಫ್ರೆಂಡ್ಸ್ ಎಂದೇ ಆಯಿತು.

ಇಷ್ಟೆಲ್ಲ ಕೇಳಿ ಖುಷಿಯಲ್ಲಿದ್ದ ನನಗೆ ಅವರ ಲೆಕ್ಕಾಚಾರ ಕೇಳಿ ತಲೆ ಕೆಟ್ಟಿತು. ಅಮೆರಿಕದಲ್ಲಿ ಬಂಡೆಯ ಕಷ್ಟಕ್ಕೆ ಅಂಕಿ ಕೊಡುತ್ತಾರೆ. ಒಂದು ಎಂದರೆ ಸುಮ್ಮನೆ ನಡೆಯುವುದು, ಐದು ಎಂದರೆ ಹಗ್ಗ ಬೇಕಾಗುವ ಬಂಡೆ. ಐದರೊಳಗೆ ಮತ್ತೆ 5.0ಯಿಂದ 5.9ರ ತನಕ. 5.9 ಎಂದರೆ ಮನುಷ್ಯಮಾತ್ರರಿಗೆ ಸಾಧ್ಯವಿರುವ ಪರಮಾವಧಿ ಎಂದುಕೊಂಡಿದ್ದರು. ಸ್ವಲ್ಪ ದಿನಕ್ಕೆ ಅದನ್ನೂ ಮೀರಿಸಿದವರು ಬಂದರು. 6 ಎನ್ನೋಣವೆಂದರೆ ಅದನ್ನು ಆಗಲೇ ಬೇರೆಯದಕ್ಕೆ, ಅಂದರೆ ಮೊಳೆಗೂ ಹಗ್ಗಕ್ಕೂ ನೇತುಬಿದ್ದು ಏರುವುದಕ್ಕೆ, ಕೊಟ್ಟಾಗಿತ್ತು. ಸರಿ, 5.10 ಎಂದರು! ಆಮೇಲೆ 5.11, 5.12. ಈಗ 5.15ಕ್ಕೆ ಬಂದು ನಿಂತಿದೆ.

"ಪುಟ್ಟಿ, 5.10 ಅನ್ನೋದು 5.9ಕ್ಕಿಂತ ಕಡಿಮೆ ಕಣೇ. ಐದು ರೂಪಾಯಿ ಹತ್ತು ಪೈಸೆ, ಐದು ರೂಪಾಯಿ ತೊಂಬತ್ತು ಪೈಸೆಗಿಂತ ಹೆಚ್ಚಾಗುತ್ತಾ? ಲೆಡ್ಜರಿನಲ್ಲಿ ನಾನು ಹೀಗೆ ಬರೆದಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು" ಅಂದೆ.

"ನಮ್ಮ ಗಣಿತದ ಪುಸ್ತಕದಲ್ಲಿ ಅಭ್ಯಾಸ 5.9 ಆದಮೇಲೆ 5.10 ಬರಲ್ವಾ ತಾತ?" ಅಂದಳು. ಬಿ.ಕಾಂ. ಬಾಯಿ ಮುಚ್ಚಿಕೊಂಡಿತು.

ಒಳಗೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮನೆಯವಳು, "ರೀ, ಹಿಡಿದ ಪಟ್ಟು ಬಿಡೋಳಲ್ಲ ಅವಳು, ಉಡದ ಜಾತಿ" ಅಂತ ಕೂಗಿದಳು. ಅದು ಸರಿಯಾದ ಮಾತೇ. ಬಂಡೆಗೂ ಉಡಕ್ಕೂ ನಮ್ಮ ಕಡೆ ಹಳೇ ನಂಟು. ನಮ್ಮ ಮುಧೋಳದ ಘೋರ್ಪಡೆ ರಾಜಮನೆತನವಿದೆಯಲ್ಲ, ಮರಾಠಿಯಲ್ಲಿ ಘೋರ್ಪಡ್ ಎಂದರೆ ಉಡ. ಬಹಮನಿ ಸುಲ್ತಾನರ ಕಾಲದಲ್ಲಿ ಈ ವಂಶದ ಹಿರಿಯನೊಬ್ಬ ಉಡಕ್ಕೆ ಹಗ್ಗ ಕಟ್ಟಿ ಕಡಿದಾದ ಕೋಟೆಯ ಮೇಲೆ ಹತ್ತಿಸಿ, ಅದು ಕಚ್ಚಿಹಿಡಿದ ಮೇಲೆ ಹಗ್ಗ ಹಿಡಿದು ತಾನೂ ಹತ್ತಿ ಕೋಟೆ ಗೆದ್ದ. ಅದಕ್ಕೇ ಈ ಬಿರುದು ಬಂತು ಎನ್ನುವುದು ಐತಿಹ್ಯ. ಶಿವಾಜಿಯ ಸರದಾರ ತಾನಾಜಿ 1670ರಲ್ಲಿ ಸಿಂಹಗಡವನ್ನು ಹತ್ತಿದ್ದೂ ಯಶವಂತಿ ಎಂಬ ಉಡದ ಸಹಾಯದಿಂದ ಎಂದು ಲಾವಣಿಕಾರರು ಹಾಡುತ್ತಾರೆ. ಇತಿಹಾಸಕಾರರು ಒಪ್ಪುವುದಿಲ್ಲ. ನನಗೂ ಅನುಮಾನವೇ. ಆಳೆತ್ತರದ ಗಂಡಸಿನ ಭಾರವನ್ನು ಅಷ್ಟು ಸಣ್ಣ ಪ್ರಾಣಿ ಹೇಗೆ ತಡೆದೀತು? ಮಕ್ಕಳೇ, ನೀವು ಇದನ್ನು ಪ್ರಯೋಗ ಮಾಡಿ ನೋಡಬೇಡಿ. ಉಡ ಈಗ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ, ಹಿಡಿದರೆ ಜೈಲು.

ಕಥೆಯೆಲ್ಲ ಸರಿ, ಸಹಿಯ ಮಾತು ಹಾಗೇ ಉಳಿದಿತ್ತು. ನನ್ನ ಅಳುಕಿಗೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಮಧುಗಿರಿಯಲ್ಲಿದ್ದೆ. ಇಡೀ ಬೆಟ್ಟವೇ ಒಂದು ಕಲ್ಲು ಅಲ್ಲಿ. ಒಂದು ಭಾನುವಾರ ಜೊತೆಯವರೊಂದಿಗೆ ಹತ್ತಲು ಹೋದೆ. ಕಲ್ಲಿನಲ್ಲೇ ಹೆಜ್ಜೆಯಷ್ಟು ಕಡಿದ ಮೆಟ್ಟಿಲಿರುವ ಜಾಗದಲ್ಲಿ ಒಮ್ಮೆ ಹಿಂದಿರುಗಿ ನೋಡಿದ್ದೇ ತಪ್ಪಾಯಿತು. ಕಾಲು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಅರ್ಧ ಗಂಟೆ ಬಂಡೆಯನ್ನು ತಬ್ಬಿಕೊಂಡು ಕೂತು, ಕೊನೆಗೆ ಕೂತಂತೆಯೇ ಜಾರಿಕೊಂಡು ಇಳಿದೆ. ಪ್ಯಾಂಟಿನ ಹಿಂಭಾಗ ಉಳಿಯಲಿಲ್ಲ. ಆ ಊರಿನಲ್ಲಿ ನಾಲ್ಕು ವರ್ಷ ಇದ್ದರೂ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ, ಮೊಮ್ಮಗಳಿಗೆ ಹೇಳಿದೆ. ಅವಳು ನಗಲಿಲ್ಲ. ಲಿನ್ ಹಿಲ್ ಎಂಬ ಹೆಂಗಸಿನ ಕಥೆ ಹೇಳಿದಳು.

ಲಿನ್ ಹಿಲ್ ಅಮೆರಿಕದವರು, ಜಗತ್ತಿನ ಅತ್ಯುತ್ತಮ ಬಂಡೆ ಏರುವವರಲ್ಲಿ ಒಬ್ಬರು. 1989ರಲ್ಲಿ ಫ್ರಾನ್ಸಿನ ಬ್ಯೂ ಎಂಬಲ್ಲಿ ಅವರಿಗೆ ಸುಲಭವೇ ಆಗಿದ್ದ ಒಂದು ಬಂಡೆ ಹತ್ತಲು ನಿಂತರು. ಸೊಂಟದ ಪಟ್ಟಿಗೆ ಹಗ್ಗ ತೂರಿಸಿ, ಗಂಟು ಹಾಕುವಷ್ಟರಲ್ಲಿ ಗಮನ ಬೇರೆ ಕಡೆ ಹೋಯಿತು. ಗಂಟು ಅಷ್ಟಕ್ಕೇ ನಿಂತಿತು. ತುದಿ ಮುಟ್ಟಿ, ಇಳಿಸಿಕೊಳ್ಳಲಿ ಎಂದು ಹಗ್ಗಕ್ಕೆ ಭಾರ ಬಿಟ್ಟಾಗ ಹಗ್ಗ ಕಳಚಿಕೊಂಡಿತು. ಇಪ್ಪತ್ತು ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದರು. ನಡುವೆ ಒಂದು ಮರ ತಡೆದದ್ದರಿಂದ ಪ್ರಾಣ ಉಳಿಯಿತು. ವಾಸಿಮಾಡಿಕೊಂಡು ಮತ್ತೆ ಹತ್ತಿದರು. 1993ರಲ್ಲಿ ಅದೇ 'ನೋಸ್' ದಾರಿಯನ್ನು, ಒಲೆಕಾಲು ಹೊಡೆದಿದ್ದ ಆ ದಾರಿಯನ್ನು, ಮೊಳೆಗೆ ನೇತುಬೀಳದೆ ಬರೀ ಕೈಕಾಲುಗಳ ಬಲದಿಂದ ಪೂರ್ತಿ ಹತ್ತಿದ ಮೊದಲಿಗರು ಅವರೇ. ಗಂಡಸರಿಗೂ ಅದು ಅಲ್ಲಿಯವರೆಗೆ ಆಗಿರಲಿಲ್ಲ.

"ಈ ಕಥೆ ಹೇಳಿದರೆ ನಾನು ಸಹಿ ಹಾಕ್ತೀನಿ ಅಂದುಕೊಂಡೆಯಾ?" ಅಂದೆ.

"ಅದಕ್ಕೇ ತಾತ ಹೇಳಿದ್ದು. ಹತ್ತೋಳು ನಾನು, ಹಗ್ಗ ಹಿಡಿಯೋಳು ನನ್ನ ಜೊತೆಗಾತಿ. ಹೊರಡೋ ಮುಂಚೆ ಪ್ರತಿ ಸಲ ನನ್ನ ಗಂಟನ್ನ ಅವಳು ಮುಟ್ಟಿ ನೋಡಬೇಕು, ಅವಳ ಬೀಗ ನಾನು ನೋಡಬೇಕು. ನೂರನೇ ಸಲ ಆದರೂ ಅಷ್ಟೇ. ಅದಾಗದೆ ಸರ್ ನೆಲ ಬಿಡೋಕೆ ಬಿಡಲ್ಲ."

ನನಗೆ ನಮ್ಮ ಬ್ಯಾಂಕಿನ ಕಬ್ಬಿಣದ ತಿಜೋರಿ ನೆನಪಾಯಿತು. ಅದಕ್ಕೆ ಎರಡು ಬೀಗದ ಕೈ. ಒಂದು ಹೆಡ್ ಕ್ಯಾಷಿಯರ್ ಹತ್ತಿರ, ಇನ್ನೊಂದು ಅಕೌಂಟೆಂಟ್ ಹತ್ತಿರ. ಇಬ್ಬರೂ ನಿಂತು ತಿರುಗಿಸಿದರೆ ಮಾತ್ರ ಬಾಗಿಲು. ಮೂವತ್ತು ವರ್ಷದ ಸ್ನೇಹಿತನಾದರೂ, "ನೀನೇ ಹಾಕ್ಕೊಳಪ್ಪ" ಅಂತ ಕೈ ಕೊಡುವಂತಿಲ್ಲ. ಅಪನಂಬಿಕೆಯಿಂದಲ್ಲ, ಯಾರಿಗಾದರೂ ಒಂದು ದಿನ ಗಮನ ತಪ್ಪುತ್ತದೆ.

ಒಳಗೆ ಹೋಗಿ ಒಂದು ಹಗ್ಗ ತಂದು, "ಹಾಕು ನೋಡೋಣ" ಅಂದೆ. ಎಂಟರ ಆಕಾರದ ಗಂಟು ಹಾಕಿದಳು. ಬಿಚ್ಚಿಸಿದೆ, ಮತ್ತೆ ಹಾಕಿಸಿದೆ. ಕಣ್ಣು ಮುಚ್ಚಿಕೊಂಡು ಹಾಕು ಅಂದೆ, ಹಾಕಿದಳು. ಆಮೇಲೆ ಅವಳ ಗುರುಗಳಿಗೆ ಫೋನು ಮಾಡಿ ಹನ್ನೊಂದು ಪ್ರಶ್ನೆ ಕೇಳಿದೆ. ಆತ ಬೇಸರವಿಲ್ಲದೆ ಹನ್ನೊಂದಕ್ಕೂ ಉತ್ತರ ಕೊಟ್ಟ. ಸಹಿ ಹಾಕಿ, ಕೆಳಗೆ ತಾರೀಖು ಬರೆದೆ.

"ತಾತ, ದೊಡ್ಡವರೂ ಒಬ್ಬರು ಜೊತೆಗೆ ಬರಬಹುದಂತೆ" ಅಂತ ಪುಸ್ತಕ ತೆಗೆದು ಒಂದು ಪುಟ ತೋರಿಸಿದಳು. ಇಂಗ್ಲೆಂಡಿನಲ್ಲಿ ನೇಪ್ಸ್ ನೀಡಲ್ ಎಂಬ ಸೂಜಿಯಂಥ ಕಲ್ಲು. 1886ರಲ್ಲಿ ಹ್ಯಾಸ್ಕೆಟ್ ಸ್ಮಿತ್ ಎಂಬಾತ ಅದರ ಬುಡದಲ್ಲಿ ನಿಂತು, ತುದಿ ಚಪ್ಪಟೆಯಾಗಿದೆಯೇ ಎಂದು ತಿಳಿಯಲು ಕಲ್ಲುಗಳನ್ನು ಮೇಲಕ್ಕೆಸೆದ. ಕೆಲವು ಅಲ್ಲೇ ನಿಂತವು. ಸರಿ ಎಂದು ಒಬ್ಬನೇ ಹತ್ತಿ, ಗುರುತಿಗೆ ಕರವಸ್ತ್ರ ಇಟ್ಟು ಇಳಿದ. ಐವತ್ತು ವರ್ಷವಾದ ಮೇಲೆ, 1936ರಲ್ಲಿ, ಎಪ್ಪತ್ತು ದಾಟಿದ್ದ ಅದೇ ಮನುಷ್ಯ ಹಗ್ಗ ಕಟ್ಟಿಕೊಂಡು ಮತ್ತೆ ಹತ್ತಿದ. ಕೆಳಗೆ ಸೇರಿದ್ದ ಜನ, "ಒಂದು ಸ್ಟೋರಿ ಹೇಳಿ!" ಎಂದು ಕೂಗಿದರು. ಇಂಗ್ಲಿಷಿನಲ್ಲಿ ಸ್ಟೋರಿ ಎಂದರೆ ಕಥೆಯೂ ಹೌದು, ಮಹಡಿಯೂ ಹೌದು. ಮುದುಕ ಮೇಲಿಂದ, "ಇನ್ನು ಸ್ಟೋರಿ ಇಲ್ಲ, ಇದೇ ಕೊನೆಯದು" ಎಂದನಂತೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಬಸ್ಸು. ನಾನು ಬುಡದಲ್ಲೇ ಕೂತಿರುತ್ತೇನೆ ಎಂದು ಮೊದಲೇ ಹೇಳಿದ್ದೇನೆ. ಆದರೂ ನಮ್ಮನೆಯವಳು ಅಟ್ಟದಿಂದ ನನ್ನ ಹಳೇ ಕ್ಯಾನ್ವಾಸ್ ಶೂ ತೆಗೆದು ಬಿಸಿಲಿಗಿಟ್ಟಿದ್ದಾಳೆ.