ತೊರಪಳ್ಳಿಯ ರಾಜಾಜಿ ಬಯಸಿದ ಎದುರು ಪಕ್ಷ

ಊರಿನ ಕೆಲಸ ಎಂದ ಕೂಡಲೇ ‘ಇದರಲ್ಲಿ ಪಕ್ಷ ತರಬೇಡಿ’ ಎನ್ನುವುದು ತಮಿಳುನಾಡಿನ ಹೊಸೂರು, ಡೆಂಕಣಿಕೋಟೆ ಕಡೆ ದೊಡ್ಡವರ ಮಾತು. ಪಕ್ಷ ಎಂದರೆ ಜಗಳ, ಪಕ್ಷಾತೀತ ಎಂದರೆ ಸಜ್ಜನಿಕೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ನನಗದು ಒಪ್ಪಿಗೆಯಿಲ್ಲ. ಹೊಸೂರಿನ ಮಗ್ಗುಲಿನ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರಿಗೂ ಒಪ್ಪಿಗೆಯಿರಲಿಲ್ಲ. ಗವರ್ನರ್ ಜನರಲ್ ಹುದ್ದೆ, ಮದರಾಸಿನ ಮುಖ್ಯಮಂತ್ರಿ ಪದವಿ ಎಲ್ಲ ಕಂಡು ಮುಗಿಸಿದ್ದ ಅವರು 80ರ ವಯಸ್ಸಿನಲ್ಲಿ, 1959ರಲ್ಲಿ, ಸ್ವತಂತ್ರ ಪಕ್ಷ ಕಟ್ಟಿದರು. ಕಾಂಗ್ರೆಸ್ಸಿಗೆ ಸರಿಸಮನಾದ ಎದುರಾಳಿ ಇಲ್ಲದಿದ್ದರೆ ಸಂಸತ್ತು ಇದ್ದೂ ಇಲ್ಲದಂತೆ ಎಂಬುದು ಅವರ ಆತಂಕವಾಗಿತ್ತು. ಅದೇ ವರ್ಷ ಜಯಪ್ರಕಾಶ ನಾರಾಯಣರು (ಜೆ.ಪಿ.) ಪಕ್ಷರಹಿತ ಪ್ರಜಾಪ್ರಭುತ್ವದ ಯೋಜನೆಯನ್ನು ದೇಶದ ಮುಂದಿಟ್ಟಿದ್ದರು. 1967ರ ಹೊತ್ತಿಗೆ ಸ್ವತಂತ್ರ ಪಕ್ಷ 44 ಸ್ಥಾನ ಗೆದ್ದು ಲೋಕಸಭೆಯಲ್ಲಿ ಅತಿ ದೊಡ್ಡ ವಿರೋಧ ಪಕ್ಷವಾಯಿತು. ಜೆ.ಪಿ. ಅವರಿಗೂ ತುರ್ತುಪರಿಸ್ಥಿತಿ ಹೇರಿದ ಸರ್ಕಾರವನ್ನು ಇಳಿಸಲು 1977ರಲ್ಲಿ ಜನತಾ ಪಕ್ಷವೇ ಬೇಕಾಯಿತು.

ಎದುರು ಪಕ್ಷವಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕೃಷ್ಣಗಿರಿ ಜಿಲ್ಲೆಯ ಶಾಲೆಗಳನ್ನು ನೋಡಬೇಕು. 2006ರಲ್ಲಿ ಡಿಎಂಕೆ ಸರ್ಕಾರ ತಂದ ತಮಿಳು ಕಲಿಕಾ ಕಾಯ್ದೆ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ಮೇಲೇರಿತು. ಕನ್ನಡ, ತೆಲುಗು, ಉರ್ದು ಮನೆಮಾತಿನ ಮಕ್ಕಳ ಮೊದಲ ಭಾಷೆಯ ಜಾಗಕ್ಕೆ ತಮಿಳು ಬಂತು. ಅವರ ತಾಯಿನುಡಿ ಐಚ್ಛಿಕ ವಿಷಯವಾಗಿ ಹಿಂದಕ್ಕೆ ಸರಿಯಿತು. 2011ರಲ್ಲಿ ಅಣ್ಣಾ ಡಿಎಂಕೆ ಅಧಿಕಾರಕ್ಕೆ ಬಂದರೂ ಕಾಯ್ದೆ ಕದಲಲಿಲ್ಲ. ಬೇರೆಲ್ಲ ವಿಷಯದಲ್ಲಿ ಹಾವು ಮುಂಗುಸಿಯಂತಿದ್ದ ಎರಡೂ ಪಕ್ಷಗಳು ಇದೊಂದರಲ್ಲಿ ಒಂದಾದವು. ತಮಿಳುನಾಡಿನಲ್ಲಿ ತಮಿಳು ಕಲಿಯಬೇಕು ಎಂಬುದರಲ್ಲಿ ತಪ್ಪಿಲ್ಲ, ಅದು ನ್ಯಾಯವೇ. ಆದರೆ ಅದಕ್ಕಾಗಿ ಕನ್ನಡ ಏಕೆ ತನ್ನ ಜಾಗ ಬಿಟ್ಟುಕೊಡಬೇಕು ಎಂದು ಕೇಳುವ ಪ್ರಬಲ ಪಕ್ಷವೊಂದು ಇರಲಿಲ್ಲ. ಹಾಗಾಗಿ ಹತ್ತನೇ ತರಗತಿಯ ಮಕ್ಕಳು ತಮ್ಮ ಭಾಷೆಯಲ್ಲಿ ಪರೀಕ್ಷೆ ಬರೆಯಲು ವಿನಾಯಿತಿ ಕೋರಿ ಮದರಾಸು ಹೈಕೋರ್ಟಿಗೆ, ಮುಂದೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಕೋರ್ಟು ಕೊಟ್ಟ ವಿನಾಯಿತಿಗೆ ಅವಧಿ ಇರುತ್ತದೆ, ಅದು ಮುಗಿದರೆ ಮತ್ತೆ ಅರ್ಜಿ. ಕಾಯ್ದೆ ತಿದ್ದುವ ಅಧಿಕಾರ ಇರುವುದು ಶಾಸನಸಭೆಗೆ. ಅಲ್ಲಿ ಒಂದು ಪಕ್ಷ ಇನ್ನೊಂದನ್ನು ಎದುರಿಸದಿದ್ದರೆ ಸಂಖ್ಯೆಯಲ್ಲಿ ಸಣ್ಣವರ ದೂರು ಚರ್ಚೆಗೇ ಬರುವುದಿಲ್ಲ.

ಪಕ್ಷನಿಷ್ಠೆ ಮನುಷ್ಯನನ್ನು ಕುರುಡಾಗಿಸುತ್ತದೆ ಎಂಬ ಆಕ್ಷೇಪ ಹಳೆಯದು. ಆದರೆ ನಮ್ಮ ಜಿಲ್ಲೆಯ ತಳಿ ವಿಧಾನಸಭಾ ಕ್ಷೇತ್ರದ ಮತದಾರರು 2001ರಲ್ಲಿ ಬಿಜೆಪಿಯನ್ನು, 2011ರಲ್ಲೂ 2021ರಲ್ಲೂ ಸಿಪಿಐಯನ್ನು ಗೆಲ್ಲಿಸಿದ್ದಾರೆ. ಮೈತ್ರಿಯ ಲೆಕ್ಕ ಏನೇ ಇರಲಿ, ಇದು ಕಣ್ಣುಮುಚ್ಚಿ ಗುಂಡಿ ಒತ್ತುವವರ ಕ್ಷೇತ್ರವಲ್ಲ. ಇದಕ್ಕಿಂತ ಗಟ್ಟಿ ಆಕ್ಷೇಪ ವಿಪ್‌ನದು, ಅಂದರೆ ಹೀಗೇ ಮತ ಹಾಕಿ ಎಂದು ಶಾಸಕರಿಗೆ ಪಕ್ಷ ಕೊಡುವ ಆಜ್ಞೆಯದು. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ಶಾಸಕ ಪಕ್ಷದ ಆಜ್ಞೆ ಮೀರಿ ಮತ ಹಾಕಿದರೆ ಸ್ಥಾನವೇ ಹೋಗಬಹುದು. ಹೀಗಿರುವಾಗ ಗಡಿನಾಡಿನ ಶಾಸಕ ಕನ್ನಡದ ಪರ ಮತ ಹಾಕುವುದು ಹೇಗೆ? ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ತಾಗುವುದು ವಿಪ್‌ಗೆ, ಪಕ್ಷಕ್ಕಲ್ಲ. ರಾಜಾಜಿಯವರ ಪಕ್ಷದಲ್ಲಿ 21 ಮೂಲ ತತ್ವಗಳನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲಿ ಸದಸ್ಯರು ತಮ್ಮ ಅಭಿಪ್ರಾಯದಂತೆ ನಡೆಯಬಹುದಿತ್ತು. ಇವತ್ತಿನ ಪಕ್ಷಗಳು ಸರ್ಕಾರದ ಅಳಿವು ಉಳಿವಿನ ಪ್ರಶ್ನೆ ಬಂದಾಗ ಮಾತ್ರ ವಿಪ್ ಹೊರಡಿಸಿ ಉಳಿದ ಕಡೆ ಶಾಸಕರನ್ನು ಬಿಟ್ಟರೆ ಅವುಗಳಿಗೇನೂ ನಷ್ಟವಿಲ್ಲ. ಪಕ್ಷದೊಳಗಿದ್ದೂ ನುಡಿಯ ಹಕ್ಕು ತೋರಿಸಬಹುದು: ಹೊಸೂರಿನಲ್ಲಿ ಮೂರು ಸಲ ಕಾಂಗ್ರೆಸ್ ಶಾಸಕರಾಗಿದ್ದ ಕೆ. ಗೋಪಿನಾಥ್ 2024ರಲ್ಲಿ ಕೃಷ್ಣಗಿರಿ ಸಂಸದರಾಗಿ ತೆಲುಗಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು.

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದಲ್ಲ, ಅಲ್ಲಿ ಊರು ಒಗ್ಗಟ್ಟಾಗಿದೆಯಲ್ಲ ಎನ್ನುವವರಿದ್ದಾರೆ. ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ನಿಯಮ ಹಾಗೇ ಇದೆ. ಆದರೆ ಚಿಹ್ನೆ ಇಲ್ಲದ ಕಡೆ ಜಾತಿ, ಮನೆತನ, ದುಡ್ಡು ಆ ಜಾಗಕ್ಕೆ ಬಂದು ಕೂರುತ್ತವೆ. ಅವಕ್ಕೆ ಪ್ರಣಾಳಿಕೆ ಇರುವುದಿಲ್ಲ; ಐದು ವರ್ಷದ ನಂತರ ಕೊಟ್ಟ ಮಾತು ಏನಾಯಿತು ಎಂದು ಕೇಳಲು ಕಚೇರಿಯೂ ಇರುವುದಿಲ್ಲ. 45 ವಾರ್ಡುಗಳ ಹೊಸೂರು ಮಹಾನಗರಪಾಲಿಕೆಯಲ್ಲಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೇ ನಡೆಯುತ್ತದೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯ ತಮಿಳು ಕಾರ್ಮಿಕನೂ ತಳಿಯ ಕನ್ನಡ ರೈತನ ಮಗನೂ ಒಂದೇ ಬಾವುಟ ಹಿಡಿದು ಒಂದೇ ಬೇಡಿಕೆ ಇಡಬಹುದಾದ ಜಾಗ ಅದು. ಹತ್ತನೇ ತರಗತಿಯ ಕನ್ನಡ ಪರೀಕ್ಷೆಯ ಪ್ರಶ್ನೆಯನ್ನು ಅಲ್ಲಿನ ಪಕ್ಷಗಳ ವಾರ್ಡು ಘಟಕಗಳ ಸಭೆಗೆ ಒಯ್ದು, ನಿರ್ಣಯ ಬರೆಸಿ, ಚೆನ್ನೈಗೆ ಕಳಿಸುವ ಕೆಲಸ ಇನ್ನೂ ಬಾಕಿ ಇದೆ.