ಇಂಜಿನಿನ ಬಾಗಿದ ಹೆಡ್ಡನ್ನು ಕುರಿತು

ನೀರೆತ್ತುವ ಸಣ್ಣ ಪೆಟ್ರೋಲ್ ಇಂಜಿನು ಬಲಗುಂದಿ, ಹೆಡ್ಡಿನ ಸಂದಿನಿಂದ ಹೊಗೆ ಕಾರಿದರೆ, ಹೊಸ ಗ್ಯಾಸ್ಕೆಟ್ ಹಾಕಿ ಸುಮ್ಮನಾಗುವವರು ಬಹಳ. ಅಲ್ಯುಮಿನಿಯಂ ಹೆಡ್ಡು ಅತಿಶಾಖದಿಂದ ಬಾಗಿದ್ದ ಪಕ್ಷದಲ್ಲಿ ಆ ಗ್ಯಾಸ್ಕೆಟ್ಟೂ ಬೇಗ ಸುಟ್ಟುಹೋಗುವುದು. ಪೈರು ನೀರಿಲ್ಲದೆ ಒಣಗುವುದು. ಆದುದರಿಂದ ಮೊದಲು ಪರೀಕ್ಷೆ, ಅನಂತರ ವೆಚ್ಚ ಎಂಬುದೇ ನಮ್ಮ ಅಭಿಪ್ರಾಯ.

ಇಂಜಿನು ಪೂರ್ಣವಾಗಿ ಆರಿದ ಮೇಲೆಯೇ ಹೆಡ್ಡನ್ನು ಬಿಚ್ಚತಕ್ಕದ್ದು. ಅದರ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟು, ಫೀಲರ್ ಗೇಜಿನಿಂದ ಸಂದನ್ನು ಅಳೆಯಬೇಕು. ಅನೇಕ ಸಣ್ಣ ಇಂಜಿನುಗಳಿಗೆ ಮಿತಿಯು 0.10 ಮಿಲಿಮೀಟರ್. ಅಲ್ಪವಾದ ಬಾಗನ್ನು, ದಪ್ಪ ಗಾಜಿನ ಮೇಲೆ ಎಮರಿ ಕಾಗದವನ್ನು ಹಾಸಿ, ಹೆಡ್ಡನ್ನು 8ರ ಆಕಾರದಲ್ಲಿ ಸಮನಾಗಿ ಉಜ್ಜಿ ತೆಗೆಯಬಹುದು. ಹೆಚ್ಚು ಬಾಗಿದ್ದನ್ನೂ ಡೀಸೆಲ್ ಇಂಜಿನಿನದನ್ನೂ ಯಂತ್ರಶಾಲೆಗೆ ಕಳುಹಿಸುವುದೇ ಕ್ಷೇಮ. ಉಜ್ಜಿದ ಪುಡಿಯನ್ನು ತೊಳೆದು, ಹೊಸ ಗ್ಯಾಸ್ಕೆಟ್ಟಿನೊಡನೆ ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯಬೇಕು.

ಗಾಳಿಯಿಂದ ತಣಿಯುವ ಇಂಜಿನಿನ ರೆಕ್ಕೆಗಳಲ್ಲಿ ಧೂಳೂ ಹುಲ್ಲೂ ತುಂಬಿದ್ದರೆ ಈ ಶ್ರಮವೆಲ್ಲ ವ್ಯರ್ಥವೇ ಸರಿ. ಗಾಜು, ಪಟ್ಟಿ, ಗೇಜುಗಳನ್ನು ಪ್ರತಿಯೊಬ್ಬರೂ ಕೊಳ್ಳಬೇಕಾದುದಿಲ್ಲ. ಗ್ರಾಮಕ್ಕೊಂದು ಜೊತೆಯನ್ನಿರಿಸಿ, ಒಬ್ಬ ತರುಣನಿಗೆ ಈ ಕೆಲಸವನ್ನು ಕಲಿಸುವ ಭಾರವನ್ನು ಗ್ರಾಮದ ಯಜಮಾನರು ವಹಿಸುವುದು ಉಚಿತವಾಗಿರುವುದು.