ಜೆರಾಕ್ಸ್ ಮಾಡಿಸಿದ ಮೇಷ್ಟ್ರು ಕಳ್ಳರಲ್ಲ

2018ರ ಜುಲೈ. ಬೀದರ್ ಜಿಲ್ಲೆಯ ಮುರ್ಕಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಯಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು.

ಆ ವರ್ಷ ದೇಶದ ತುಂಬ ಒಂದು ವಿಡಿಯೋ ಓಡಾಡಿತ್ತು. ಬೈಕಿನಲ್ಲಿ ಬಂದವರು ಮಗು ಎತ್ತಿಕೊಂಡು ಹೋಗುವ ದೃಶ್ಯ. ಅಸಲಿಗೆ ಅದು ಮಕ್ಕಳ ಬಗ್ಗೆ ಎಚ್ಚರವಿರಲಿ ಎಂದು ಪಾಕಿಸ್ತಾನದ ಕರಾಚಿಯಲ್ಲಿ ತೆಗೆದ ಚಿತ್ರ. ಕೊನೆಗೆ ಮಗುವನ್ನು ವಾಪಸು ತಂದು ಬಿಡುತ್ತಾರೆ. ಆ ಕೊನೆಯನ್ನೇ ಯಾರೋ ಪುಣ್ಯಾತ್ಮ ಕತ್ತರಿಸಿದ್ದ!

ಇಂಥ ಮೋಸವನ್ನು ಮಕ್ಕಳಿಗೆ ತಿಳಿಸೋದು ಹೇಗೆ? ಬಾಯಿಮಾತು ಸಾಲದು. ಕತ್ತರಿಸಿದ್ದು, ಇಡಿಯಾಗಿದ್ದದ್ದು ಎರಡನ್ನೂ ತೋರಿಸಬೇಕು. ಪತ್ರಿಕೆಯ ಸುದ್ದಿ, ಮುಖ ಬೆಳ್ಳಗಾಗಿಸುವ ಕ್ರೀಮಿನ ಜಾಹೀರಾತು ಜೆರಾಕ್ಸ್ ಮಾಡಿಸಿ ಹಂಚಬೇಕು. ಇಲ್ಲೇ ಮೇಷ್ಟ್ರು ಹಿಂಜರಿಯೋದು: ‘ಕಾಪಿರೈಟ್ ಅಂತ ಕೇಸು ಹಾಕಿದರೆ?’

ಹಾಕಿ ನೋಡಿದವರಿದ್ದಾರೆ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಂತಾದ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯವನ್ನೂ ಅಲ್ಲಿನ ರಾಮೇಶ್ವರಿ ಜೆರಾಕ್ಸ್ ಅಂಗಡಿಯನ್ನೂ ಕೋರ್ಟಿಗೆಳೆದರು. ಪುಸ್ತಕಗಳ ಭಾಗಗಳನ್ನು ಸೇರಿಸಿ ವಿದ್ಯಾರ್ಥಿಗಳಿಗೆ ಪ್ರತಿ ಮಾಡಿಕೊಟ್ಟದ್ದು ತಪ್ಪಂತೆ. 2016ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ದಾವೆ ವಜಾ ಮಾಡಿತು. ಡಿಸೆಂಬರಿನಲ್ಲಿ ಮೇಲ್ಮನವಿ ಕೇಳಿದ ಪೀಠ, ಪಾಠಕ್ಕೆ ಎಷ್ಟು ಬೇಕೋ ಅಷ್ಟು ಪ್ರತಿ ಮಾಡಬಹುದು ಎಂದಿತು. ಅಷ್ಟೇ ಮಾಡಿದ್ದಾರಾ ಅನ್ನೋದು ವಿಚಾರಣೆಯಾಗಲಿ ಅಂತು. 2017ರಲ್ಲಿ ಪ್ರಕಾಶಕರೇ ದಾವೆ ವಾಪಸು ತಗೊಂಡರು.

1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಸ್ಪಷ್ಟವಾಗಿದೆ. ಪಾಠದ ಸಲುವಾಗಿ ಮೇಷ್ಟ್ರಾಗಲಿ ವಿದ್ಯಾರ್ಥಿಯಾಗಲಿ ಪ್ರತಿ ಮಾಡಿದರೆ ಅದು ಉಲ್ಲಂಘನೆ ಅಲ್ಲ. ಶಾಲೆಯ ಚಟುವಟಿಕೆಯಲ್ಲಿ ಸಿಬ್ಬಂದಿ, ಮಕ್ಕಳು, ಪೋಷಕರಷ್ಟೇ ಕೂತು ನೋಡುವಂತೆ ಚಿತ್ರ ತೋರಿಸಿದರೂ ತಪ್ಪಿಲ್ಲ.

ಹಾಗಂತ ಯಾರೋ ಬರೆದ ಗೈಡನ್ನು ಪೂರ್ತಿ ಜೆರಾಕ್ಸ್ ಹೊಡೆದು ಬಸ್‌ಸ್ಟ್ಯಾಂಡಿನಲ್ಲಿ ಮಾರಿದರೆ? ಅದು ಪಾಠವಲ್ಲ, ವ್ಯಾಪಾರ. ಬರೆದವನ ಅನ್ನಕ್ಕೆ ಕಲ್ಲು. ಜೆರಾಕ್ಸ್ ಅಂಗಡಿಯವರೂ ಈ ಎರಡರ ವ್ಯತ್ಯಾಸ ತಿಳಿದಿರಬೇಕು.

ಶಾಲೆಯ ಆಡಳಿತ ಮಂಡಳಿಗಳು ಆ ಕಲಮನ್ನು ಕನ್ನಡದಲ್ಲಿ ಬರೆಸಿ ಸ್ಟಾಫ್‌ರೂಮಿನ ಗೋಡೆಗೆ ಅಂಟಿಸಲಿ. ಮೇಷ್ಟ್ರ ಬೆನ್ನಿಗೆ ನಿಲ್ಲಲಿ. ಒಂದು ಹಾಳೆ ಜೆರಾಕ್ಸಿಗೆ ರೂಪಾಯಿಯೋ ಎರಡು ರೂಪಾಯಿಯೋ ಆಗುತ್ತೆ. ಮುರ್ಕಿಯಲ್ಲಿ ಹೋದದ್ದು ಒಂದು ಜೀವ.